ಹೋಗುವ ದಾರಿ ತೋರಿಸಿದ ವರ್ತಕ

"ಅಪ್ಪಾರ, ಬಿಟ್ಟು ಹೊಂಟಾವಗ ಬುತ್ತಿ ಕಟ್ಟಿಸಿ ಕೊಟ್ರಿ. ಇದು ನಮ್ಮ ಮಠಕ್ಕ ಮರ್ಯಾದಿ ಏನ್ರಿ?" ಎಂದು ಅಡಿವೆಪ್ಪ ಎಂಬ ಶಿಷ್ಯ ಗುರುಗಳನ್ನು ಕೇಳಿದ.

ಅಂದು ಬೆಳಿಗ್ಗೆ ಅವನ ಸಹಪಾಠಿ ಬಸಲಿಂಗ ಬೇರೊಬ್ಬ ಗುರುವಿನ ಬಳಿ ಕಲಿಯಲು ಹೊರಟು ಹೋಗಿದ್ದ. ಗುರುಗಳು ಅವನಿಗೆ ಬುತ್ತಿ ಕಟ್ಟಿಸಿದ್ದಲ್ಲದೆ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳಿ ಕಳಿಸಿದ್ದರು. ಅಡಿವೆಪ್ಪನಿಗೆ ಅದು ಅವಮಾನವೆನಿಸಿತ್ತು. ಬೈದೋ ಹೆದರಿಸಿಯೋ ಅವನನ್ನು ಇರಿಸಿಕೊಳ್ಳಬೇಕಿತ್ತು ಎಂದು ಅವನ ಎಣಿಕೆ.

"ಹೊತ್ತಕೊಂಡ ಹ್ವಾದ ನಾಯಿ ಮೊಲಾ ಹಿಡಿತೈತೇನೋ?" ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನದು ಹೆಸರಿನ ವ್ಯಾಪಾರ. ಇಂಟರ್‌ನೆಟ್ಟಿನಲ್ಲಿ ಅಂಗಡಿ ಇಡುವವರಿಗೆ ಒಂದು ಹೆಸರು ಬೇಕು. ಆ ಹೆಸರು ಬರೆದವರಿಗೆ ಅಂಗಡಿ ತೆರೆದುಕೊಳ್ಳುತ್ತದೆ. ಅದಕ್ಕೆ ಡೊಮೇನ್ ಎನ್ನುತ್ತಾರೆ. ಅದು ಯಾರಿಗೂ ಕಾಯಂ ಸ್ವಂತವಲ್ಲ. ವರ್ಷ ವರ್ಷವೂ ವರ್ತಕನಿಗೆ ಬಾಡಿಗೆ ಕಟ್ಟಬೇಕು. ಹೆಸರನ್ನು ಬೇರೆ ವರ್ತಕನ ಕಡೆಗೆ ಒಯ್ಯಬೇಕೆಂದರೆ ಒಂದು ಗುಟ್ಟಿನ ಸಂಖ್ಯೆ ಬೇಕು. ಆ ಸಂಖ್ಯೆ ಹಳೆಯ ವರ್ತಕನ ಕೈಯಲ್ಲಿರುತ್ತದೆ.

ಆ ಪೇಟೆಯ ವರ್ತಕರಿಗೆಲ್ಲ ಒಂದೇ ಚಾಳಿ. ಹೆಸರು ಕೊಡುವಾಗ ಬೆಲ್ಲದಂಥ ಮಾತು. ಸಂಖ್ಯೆ ಕೇಳಿದ ಕೂಡಲೇ ಅವರ ಕಿವಿ ಮಂದವಾಗುತ್ತದೆ. ಇವತ್ತು ಬಾ, ನಾಳೆ ಬಾ ಎಂದು ಅಲೆದಾಡಿಸುತ್ತಾರೆ. ಗಿರಾಕಿ ಬೇಸತ್ತು ಸುಮ್ಮನಾದರೆ, ಅದು ತಮ್ಮ ಮೇಲಿನ ವಿಶ್ವಾಸ ಎಂದು ಹೇಳಿಕೊಂಡು ತಿರುಗುತ್ತಾರೆ. ಹಗ್ಗ ಬಿಗಿದ ದನ ಕೊಟ್ಟಿಗೆಯಲ್ಲಿ ನಿಂತರೆ ಅದು ಒಡೆಯನ ಮೇಲಿನ ಪ್ರೀತಿಯೇ? ಅವರಿಗೆ ಹಾಗೆಯೇ ತೋರುತ್ತಿತ್ತು.

ನಮ್ಮ ವರ್ತಕ ಹೊಸದಾಗಿ ಅಂಗಡಿ ತೆರೆದಾಗ, ಆ ಸಂಖ್ಯೆ ಪಡೆಯುವ ಗುಂಡಿಯನ್ನು ತನ್ನ ಜಾಲತಾಣದ ಮೊದಲ ಪುಟದಲ್ಲೇ ಇಟ್ಟ. 'ಹೋಗುವವರು ಇಲ್ಲಿ ಒತ್ತಿರಿ' ಎಂದು ದಪ್ಪ ಅಕ್ಷರದಲ್ಲಿ ಬರೆಸಿದ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ ಎಂದು ಉಳಿದ ವರ್ತಕರು ನಕ್ಕರು. ಅವನ ಜೊತೆ ಅಂಗಡಿ ನಡೆಸುತ್ತಿದ್ದ ಹೆಂಡತಿಗೂ ಇದು ಸರಿ ಕಾಣಲಿಲ್ಲ.

ರೊಟ್ಟಿ ವ್ಯಾಪಾರದ ಒಬ್ಬ ಹೆಣ್ಣುಮಗಳು ಅವನ ದೊಡ್ಡ ಗಿರಾಕಿ. ಊರೂರಿಗೆ ರೊಟ್ಟಿ ಕಳಿಸುವವಳು; ಒಂದೊಂದು ಊರಿಗೆ ಒಂದೊಂದು ಹೆಸರು ಹಿಡಿದಿದ್ದಳು. ಅವಳೊಬ್ಬಳಿಂದಲೇ ಅರ್ಧ ಅಂಗಡಿ ನಡೆಯುತ್ತಿತ್ತು. ವರ್ಷ ತುಂಬುವ ಮೊದಲೇ ಅವಳ ಫೋನು ಬಂತು. ಇನ್ನೊಬ್ಬ ವರ್ತಕ ರಿಯಾಯಿತಿ ಕೊಡುತ್ತಾನಂತೆ, ಇಂದು ಸಂಜೆಗೆ ಅದು ಮುಗಿಯುತ್ತದಂತೆ, ಗುಂಡಿ ಒತ್ತಿದೆ, ಮುಂದೇನು ಮಾಡಬೇಕೋ ತಿಳಿಯುತ್ತಿಲ್ಲ ಎಂದಳು. ಅವಳು ಹೋದರೆ ಅಂಗಡಿ ಎರಡನೆಯ ವರ್ಷ ಕಾಣುವುದು ಅನುಮಾನವಿತ್ತು.

ಹೆಂಡತಿ ಮೆಲ್ಲಗೆ ಹೇಳಿದಳು: "ಇಲ್ಲ ಅನಬ್ಯಾಡ್ರಿ. ನಾಳೆ ನೋಡ್ತೀನಿ ಅನ್ರಿ, ಸಾಕು. ಸುಳ್ಳೂ ಆಗೂದಿಲ್ಲ, ಆಕಿನೂ ಹೋಗೂದಿಲ್ಲ."

ನಾಳೆ ಎಂಬ ಮಾತು ವರ್ತಕನ ಬಾಯಿವರೆಗೂ ಬಂದಿತ್ತು. ಅದನ್ನು ನುಂಗಿದ. ಮೊದಲು ಯಾವುದನ್ನು ಒತ್ತಬೇಕು, ಆಮೇಲೆ ಯಾವುದನ್ನು ಎಂದು ಒಂದೊಂದಾಗಿ ಹೇಳಿಕೊಟ್ಟ. ಅವಳ ಹೆಸರುಗಳೆಲ್ಲ ಆ ಕಡೆ ಸೇರಿ, ಅಂಗಡಿಗಳು ಮೊದಲಿನಂತೆ ತೆರೆದುಕೊಳ್ಳುವವರೆಗೂ ನಿಗಾ ಇಟ್ಟ. ಅವಳು ಮತ್ತೆ ಇವನ ಕಡೆ ಬರಲಿಲ್ಲ.

ವರ್ಷ ತುಂಬಿದ ದಿನ ವರ್ತಕ ಮನೆಯಲ್ಲಿ ಹೋಳಿಗೆ ಆಗಲಿ ಎಂದ. ಹೆಂಡತಿಗೆ ಸಿಟ್ಟು ಬಂತು. "ಏನ್ ಗಳಿಸೀವಂತ ಹೋಳಿಗಿ? ಉಳದಾವ್ರೆಲ್ಲಾ ಸಣ್ಣ ಗಿರಾಕಿ" ಎಂದಳು.

"ಸಣ್ಣಾವ್ರ ಇರಲಿ. ಹೋಗೂ ದಾರಿ ದಿನಾ ಕಣ್ಣಮುಂದ ಇದ್ರೂ ಹೋಗಿಲ್ಲ ಅವ್ರು. ಒಬ್ಬರನ್ನೂ ನಾ ಹಿಡಕೊಂಡ ಕುಂತಿಲ್ಲ. ಇಂಥಾ ಗಿರಾಕಿ ಈ ಪ್ಯಾಟ್ಯಾಗ ಮತ್ಯಾರಿಗೆ ಅದಾರ ಹೇಳು" ಎಂದ ವರ್ತಕ.

ಹೆಂಡತಿ ಅವನ ಮುಖ ನೋಡಿದಳು. ಅಂಥ ಹೆಮ್ಮೆಯನ್ನು ಅವಳು ಆ ಮುಖದಲ್ಲಿ ಎಂದೂ ಕಂಡಿರಲಿಲ್ಲ. ಎದ್ದು ಹೋಗಿ ಕಡಲೆಬೇಳೆ ಬೇಯಲು ಇಟ್ಟಳು. ನ್ಯಾಯವಾಗಿ ತಿಂದ ಹೋಳಿಗೆ ಅದು. ಆ ಸಣ್ಣ ಗಿರಾಕಿಗಳ ಬಲದಿಂದಲೇ ಎರಡನೆಯ ವರ್ಷವೂ ಅಂಗಡಿ ತೆರೆಯಿತು. ದೊಡ್ಡದೇನೂ ಆಗಲಿಲ್ಲ.

ಕತೆ ಮುಗಿಯಿತು. ಅಡಿವೆಪ್ಪ ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದ. "ಅಂವ ವರ್ತಕ ಬಿಡ್ರಿ, ಉಳದ ಗಿರಾಕಿ ನೋಡಿ ಹೆಮ್ಮೆ ಪಟ್ಟ. ಬಸಲಿಂಗನಂಥಾ ಶಾಣ್ಯಾನ ಹ್ವಾದ ಮ್ಯಾಲೆ ನಿಮಗ ಹೆಮ್ಮೆ ಪಡಾಕ ಏನ್ ಉಳದೈತ್ರಿ?" ಎಂದ.

ಗುರುಗಳು ಅವನನ್ನೇ ನೋಡಿ ಹೇಳಿದರು: "ಬಾಗಿಲಾ ತೆರದ ಐತಿ, ನೀ ಉಳದೀಯಲ್ಲೋ."