ಕತ್ತರಿಯ ನಡುವಿನ ಮೊಳೆ

ದರ್ಜಿ ಗುರುಶಾಂತಪ್ಪನ ಕತ್ತರಿಯ ಎರಡು ಅಲಗುಗಳನ್ನೂ ಹಿಡಿದಿಟ್ಟಿದ್ದು ನಡುವಿನ ಒಂದು ಮುದಿ ಮೊಳೆ. ಒಂದು ದಿನ ರವಿಕೆ ಹೊಲಿಸಲು ಬಂದ ಇಂಗ್ಲಿಷ್ ಟೀಚರು ಸುಮ್ಮನೆ ಆ ಕತ್ತರಿ ಆಡಿಸುತ್ತಾ, "ಇಂಗ್ಲಿಷಿನಲ್ಲಿ ಒಂದು ಕತ್ತರಿಗೂ ಬಹುವಚನವೇ. ಅಲಗು ಎರಡಿವೆಯಲ್ಲ!" ಎಂದರು. ಬರಿ ಕತ್ತರಿ ಆಡಿಸಿದರೆ ಮನೆಯಲ್ಲಿ ಜಗಳ ಅನ್ನುತ್ತಾರೆ. ಜಗಳ ಕತ್ತರಿಯ ಮನೆಗೇ ಹೊಕ್ಕಿತು.

"ಕೇಳಿದೆಯಾ? ನಾನು ಬೇರೆ, ನೀನು ಬೇರೆ," ಎಂದಿತು ಬಲದ ಅಲಗು.

"ಹಾಗಾದರೆ ನಿನಗೆ ಉಜ್ಜಿಕೊಂಡು ನಾನೇಕೆ ಸವೆಯಲಿ?" ಎಂದಿತು ಎಡದ್ದು.

ಇಬ್ಬರೂ ಮೊಳೆಯ ಮೇಲೆ ಹರಿಹಾಯ್ದರು. "ನಮ್ಮನ್ನು ಬಿಡು!"

"ಮಕ್ಕಳೇ, ನಾನು ಕಟ್ಟಿಹಾಕಿದವನಲ್ಲ. ಒಬ್ಬರ ಕೈ ಒಬ್ಬರಿಗೆ ಹಿಡಿಸಿದವನು," ಎಂದಿತು ಮೊಳೆ. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಳೆದಾಡಿ ಎಳೆದಾಡಿ ಕೊನೆಗೆ ಮೊಳೆಯನ್ನು ಕಳಚಿ ಗುಂಡಿಗಳ ಡಬ್ಬಿಯೊಳಗೆ ಬೀಳಿಸಿದರು.

ಮೊಳೆ ಸಿಗದೆ ಗುರುಶಾಂತಪ್ಪ ಒಂದೊಂದೇ ಅಲಗನ್ನು ಬಟ್ಟೆಗೆ ಒತ್ತಿ ನೋಡಿದ. ಒಂದು ನೂಲೂ ತುಂಡಾಗಲಿಲ್ಲ. ನಿಟ್ಟುಸಿರುಬಿಟ್ಟು ಹೊಸ ಕತ್ತರಿ ತಂದ. ಹಳೆಯ ಒಂದು ಅಲಗು ಎಣ್ಣೆಡಬ್ಬಿಯ ಮುಚ್ಚಳ ಎಬ್ಬಿಸುವುದಕ್ಕಾಯಿತು, ಇನ್ನೊಂದು ಕಿಟಕಿ ಬಡಿಯದಂತೆ ಸಿಕ್ಕಿಸುವುದಕ್ಕೆ.

ಗುಂಡಿಗಳ ಡಬ್ಬಿಯೊಳಗಿಂದ ಮೊಳೆ ಇಬ್ಬರನ್ನೂ ನೋಡುತ್ತಿತ್ತು. ಈಗ ಅವರು ನಿಜಕ್ಕೂ ಬೇರೆ ಬೇರೆ. ಇಬ್ಬರ ಎದೆಯಲ್ಲೂ ಮಾತ್ರ ಅದರಷ್ಟೇ ಅಗಲದ ಒಂದೊಂದು ತೂತು.