ಎಣ್ಣೆಹನಿ ಮನೆ ಹುಡುಕಿದ್ದು

ಬೋಗುಣಿಯ ನೀರಿನಲ್ಲಿ ಸಿಕ್ಕಿಬಿದ್ದ ಎಣ್ಣೆಹನಿಗೆ ತುರ್ತಾಗಿ ಒಂದು ಒಣ ಮನೆ ಬೇಕಿತ್ತು. ಎಣ್ಣೆಗೂ ನೀರಿಗೂ ಆಗದು, ಅಂದರೆ ಹುಟ್ಟಿನಿಂದಲೇ ಆಗದು. ಅಲ್ಲೇ ಸಾಬೂನಿನ ಕಣಗಳು ನೀರನ್ನು ಮೆಚ್ಚುವ ತಲೆ ಹೊರಗೆ, ನೀರಿಗೆ ಹೆದರುವ ಬಾಲ ಒಳಗೆ ಮಾಡಿಕೊಂಡು ಗುಂಡನೆಯ ಮನೆ ಕಟ್ಟಿದ್ದವು. “ಒಳಗೆ ತೇವವಿದೆಯೇ ನೋಡಯ್ಯ,” ಎಂದು ಎಣ್ಣೆಹನಿ ಪಕ್ಕದಲ್ಲೇ ತೇಲುತ್ತಿದ್ದ ಬಣ್ಣದ ಕಣವೊಂದನ್ನು ಕಳಿಸಿತು. ತೇವವಿದ್ದಲ್ಲಿ ಅದು ನೀಲಿಯಾಗುತ್ತಿತ್ತು, ಇಲ್ಲದಲ್ಲಿ ಹಳದಿಯಾಗುತ್ತಿತ್ತು.

ಬಣ್ಣ ಅಲ್ಲಿಂದಲೇ ಕೂಗಿತು: “ನಾನು ಕಡುನೀಲಿ! ಮನೆಯೆಲ್ಲ ನೀರು, ಬರಬೇಡಿ ಅಮ್ಮ!”

ಎಣ್ಣೆಹನಿ ಅಳುಮೋರೆ ಹಾಕಿತು. “ನೀನು ಕುಳಿತಿರುವುದೆಲ್ಲಿ?”

“ಹೊಸ್ತಿಲ ಮೇಲೆ. ಕಾಲು ನೀರಿಗೆ ಇಳಿಬಿಟ್ಟಿದ್ದೇನೆ, ಹಾಯಾಗಿದೆ.”

“ಒಳಗೆ ಹೋಗಲಿಲ್ಲವೇ?”

“ಒಳಗೆ ಯಾರಮ್ಮ ಹೋಗುತ್ತಾರೆ? ಅಲ್ಲಿ ಒಂದು ತೊಟ್ಟು ನೀರೂ ಇಲ್ಲ!”

ಎಣ್ಣೆಹನಿ ಅದನ್ನು ದಾಟಿಕೊಂಡು ಒಳಗೆ ನುಗ್ಗಿತು. ಬಣ್ಣ ಮಾತ್ರ ಹಿಂದಿನಿಂದ, “ಒದ್ದೆಯಾಗುತ್ತೀರಿ ಅಮ್ಮ!” ಎಂದು ಕೂಗುತ್ತಲೇ ಇತ್ತು.