ನಾಲ್ಕು ಬೆರಳು ಸೀರೆ

"ಅಜ್ಜಾ, ಮಕ್ಕಳಿಗಾಗಿ ದುಡಿಯುವುದೂ ಮಕ್ಕಳನ್ನು ನೋಡಿಕೊಳ್ಳುವುದೂ ಒಂದೇ ಅಲ್ಲವೇ?"

ಕೇಳಿದವನು ಗಿರಿಮಲ್ಲ. ಹಿಟ್ಟಿನ ಗಿರಣಿ ನಡೆಸುವವನು, ಊರ ಮಠದ ಅಜ್ಜನವರಿಗೆ ಹತ್ತು ವರ್ಷದಿಂದ ಶಿಷ್ಯ. ಆ ದಿನ ಮಧ್ಯಾಹ್ನ ಗಿರಣಿಗೆ ಬೀಗ ಹಾಕಿ ನೇರವಾಗಿ ಮಠಕ್ಕೆ ಬಂದಿದ್ದ. ರೆಪ್ಪೆಯ ಮೇಲೆ ಇನ್ನೂ ಹಿಟ್ಟು ಇತ್ತು.

ಅಜ್ಜನವರು ಅಕ್ಕಿ ಆರಿಸುತ್ತಿದ್ದರು. ಮೊರವನ್ನು ಪಕ್ಕಕ್ಕಿಟ್ಟು ಅವನ ಕಡೆ ತಿರುಗಿ ಕುಳಿತರು.

"ಏನಾಯಿತು? ಅದನ್ನು ಮೊದಲು ಹೇಳು."

"ಹೊಸದೇನೂ ಆಗಿಲ್ಲ ಅಜ್ಜಾ, ದಿನಾ ಆಗುವುದೇ. ಬೆಳಿಗ್ಗೆ ಗಿರಣಿ ತೆಗೆದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಮೈ ಹಣ್ಣಾಗಿರುತ್ತದೆ. ಮಗಳು ಬಂದು ಹಲ್ಲು ಅಲ್ಲಾಡುತ್ತಿದೆ ನೋಡು ಅನ್ನುತ್ತಾಳೆ, ನಾನು ಹೂಂ ಅನ್ನುತ್ತೇನೆ. ಚಿಕ್ಕವನು ಮೊಣಕಾಲು ತರಚಿದೆ ನೋಡು ಅನ್ನುತ್ತಾನೆ, ಹೂಂ ಅನ್ನುತ್ತೇನೆ. ನಿನ್ನೆ ಹೆಂಡತಿ ಮುಖಕ್ಕೇ ಹೇಳಿಬಿಟ್ಟಳು, ನೀವು ಮಕ್ಕಳನ್ನು ನೋಡಿ ಎಷ್ಟು ದಿನವಾಯಿತು ಎಂದು. ಈ ಎರಡು ಕೈ ಯಾರಿಗೋಸ್ಕರ ಸವೆಯುತ್ತಿವೆ? ಅವರ ಹಾಲಿಗೆ, ಅವರ ಔಷಧಕ್ಕೆ, ಅವರ ಪುಸ್ತಕಕ್ಕೆ. ಈಗಲೂ ನೋಡಿ, ಸೋಮವಾರದ ಮದುವೆಗೆಂದು ನಾಲ್ಕು ಚೀಲ ಗೋಧಿ ಗಿರಣಿಯಲ್ಲಿ ಕುಳಿತಿದೆ. ಇಷ್ಟು ಮಾಡಿಯೂ ಬೈಸಿಕೊಳ್ಳಬೇಕೇ? ನನಗೆ ಸಾಕಾಗಿ ಹೋಗಿದೆ."

"ಭೇಷ್. ಮಕ್ಕಳಿಲ್ಲದವನ ಹತ್ತಿರ ಬಂದು ಮಕ್ಕಳ ವಿಷಯ ಕೇಳುತ್ತಿದ್ದೀಯಲ್ಲ, ನಿನಗೆ ಬೇರೆ ಯಾರೂ ಸಿಗಲಿಲ್ಲವೇ?" ಎಂದರು ಅಜ್ಜನವರು. "ನನ್ನ ಹತ್ತಿರ ಉತ್ತರ ಇಲ್ಲ ತಮ್ಮಾ. ಒಂದು ಕತೆ ಇದೆ. ಹೇಳುತ್ತೇನೆ, ನೀನು ಹೂಂಗುಡುತ್ತಿರು. ಕತೆ ಹೇಳುವವನಿಗೆ ಅಷ್ಟಾದರೂ ಬೇಕು. ನಿನ್ನ ಹೂಂ ನಿಂತಿತೋ, ನನ್ನ ಕತೆಯೂ ನಿಂತಿತು. ನನಗೂ ವಯಸ್ಸಾಯಿತು, ಗೋಡೆಗೆ ಹೇಳುವಷ್ಟು ಉಸಿರು ಉಳಿದಿಲ್ಲ."

"ಹೂಂ," ಎಂದ ಗಿರಿಮಲ್ಲ. ಅಜ್ಜನವರು ಹೇಳತೊಡಗಿದರು.

ಒಬ್ಬ ನೇಕಾರ ಇದ್ದ. ಅವನಿಗೆ ಒಬ್ಬ ಹೆಂಡತಿ, ಎರಡು ವರ್ಷದ ಒಂದು ಹೆಣ್ಣುಕೂಸು. ಮನೆ ಎಂದರೆ ಮುಂದೆ ಒಂದು ಕೋಣೆ, ಹಿಂದೆ ಒಂದು ಕೋಣೆ. ಮುಂದಿನ ಕೋಣೆಯಲ್ಲಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ. ಒಮ್ಮೆ ಕುಣಿಗೆ ಇಳಿದರೆ ಏಳುವುದು ದೊಡ್ಡ ಕೆಲಸ. ಎದ್ದರೆ ಕೈಯ ಲಯ ತಪ್ಪುತ್ತದೆ. ಲಯ ತಪ್ಪಿದರೆ ಸೀರೆಯಲ್ಲಿ ಗೆರೆ ಬೀಳುತ್ತದೆ. ಗೆರೆ ಬಿದ್ದ ಸೀರೆಯನ್ನು ಯಾರು ಉಡುತ್ತಾರೆ? ಆದ್ದರಿಂದ ನೇಕಾರ ಏಳುತ್ತಿರಲಿಲ್ಲ. ಹೆಂಡತಿ ಮಗ್ಗದ ಪಕ್ಕದಲ್ಲೇ ಕುಳಿತು ರಾಟೆಯಲ್ಲಿ ನೂಲು ಸುತ್ತಿ ಕೊಡುತ್ತಿದ್ದಳು. ಅವಳು ನಿಂತರೆ ಅವನೂ ನಿಲ್ಲಬೇಕು. ಆದ್ದರಿಂದ ಅವಳೂ ಏಳುತ್ತಿರಲಿಲ್ಲ.

ಕೂಸು ನಡೆಯಲು ಕಲಿಯಿತು. ನಡೆಯಲು ಕಲಿತ ಕೂಸು ಒಂದು ಕಡೆ ನಿಲ್ಲುತ್ತದೆಯೇ? ನಿನಗೆ ಗೊತ್ತಲ್ಲ, ಇಬ್ಬರ ತಂದೆ ನೀನು. ಒಂದು ದಿನ ನೂಲಿಗೆ ಹಾಕುವ ಗಂಜಿ ಹಿಂದಿನ ಕೋಣೆಯಲ್ಲಿ ಕುದಿಯುತ್ತಿತ್ತು. ಕೂಸು ಹೋಗಿ ಪಾತ್ರೆಯ ಅಂಚು ಹಿಡಿಯಿತು. ಅಂಗೈ ಸುಟ್ಟಿತು. ಅಷ್ಟರಲ್ಲೇ ಮುಗಿದದ್ದು ಪುಣ್ಯ. ಗಂಡ ಹೆಂಡತಿ ಇಬ್ಬರೂ ಆ ದಿನ ಊಟ ಮಾಡಲಿಲ್ಲ.

"ಹೂಂ."

ಮಾರನೆಯ ದಿನ ನೇಕಾರ ಸಂತೆಯಿಂದ ಹಿತ್ತಾಳೆಯ ಗೆಜ್ಜೆ ತಂದ. ಮಗ್ಗದ ದಾರದಲ್ಲಿ ಪೋಣಿಸಿ ಕೂಸಿನ ಎರಡೂ ಕಾಲಿಗೆ ತಾನೇ ಕಟ್ಟಿದ. ನೇಕಾರರು ಹಾಕುವ ಗಂಟು, ಎಳೆದಷ್ಟೂ ಬಿಗಿಯಾಗುತ್ತದೆ. ಹೆಂಡತಿಗೆ ಹೇಳಿದ, "ಗೆಜ್ಜೆ ಕೇಳುತ್ತಿದ್ದರೆ ಕೂಸು ಆಡುತ್ತಿದೆ ಅಂತ. ನಿಂತರೆ ಎದ್ದು ಹೋಗಿ ನೋಡೋಣ."

ಉಪಾಯ ಒಳ್ಳೆಯದೇ. ನಾನು ಅದನ್ನು ಹಳಿಯುವುದಿಲ್ಲ. ಒಮ್ಮೆ ಗೆಜ್ಜೆ ನಿಂತಿತು, ತಾಯಿ ಓಡಿದಳು, ಕೂಸು ಹುಣಸೆಬೀಜ ಮೂಗಿಗೆ ತುರುಕಿಕೊಳ್ಳುತ್ತಿತ್ತು. ಇನ್ನೊಮ್ಮೆ ನಿಂತಿತು, ತಂದೆ ಓಡಿದ, ಕೂಸು ನೀರಿನ ಹಂಡೆಗೆ ಬಗ್ಗಿತ್ತು. ಆ ಗೆಜ್ಜೆ ಎರಡು ಸಲ ಕೂಸನ್ನು ಉಳಿಸಿತು. ಅಂಥದ್ದನ್ನು ಯಾರು ನಂಬುವುದಿಲ್ಲ? ನಾನಾಗಿದ್ದರೂ ನಂಬುತ್ತಿದ್ದೆ.

ಹೀಗೆ ದಿನ ಕಳೆಯಿತು. ಕಿವಿ ಪಳಗಿತು. ಮಗ್ಗದ ಸದ್ದಿನ ನಡುವೆಯೂ ಅವನಿಗೆ ಕೂಸು ಹೊಸ್ತಿಲಲ್ಲಿದೆಯೋ ಒಲೆಯ ಹತ್ತಿರ ಇದೆಯೋ ಹಿತ್ತಿಲಿಗೆ ಹೋಯಿತೋ ತಿಳಿಯುತ್ತಿತ್ತು. ಕೂಸು ಒಂದು ದಾರದ ತುಂಡು ಹಿಡಿದು ಬಂದು, ಅಪ್ಪಾ ನೋಡು ಅನ್ನುತ್ತಿತ್ತು. ಅವನು ಲಾಳಿ ಎಸೆಯುತ್ತಲೇ ಹೂಂ ಅನ್ನುತ್ತಿದ್ದ. ಕೂಸು ಒಂದು ಗಳಿಗೆ ನಿಂತು ನೋಡಿ ಹೊರಟುಹೋಗುತ್ತಿತ್ತು. ಅವನಿಗೆ ಅದು ಹೋದದ್ದೂ ಗೆಜ್ಜೆಯಿಂದಲೇ ಗೊತ್ತಾಗುತ್ತಿತ್ತು.

ಅಯ್ಯೋ, ಅವರನ್ನು ಕೆಟ್ಟವರು ಅನ್ನಬೇಡ. ಅವರಿಗೆ ಕೂಸೆಂದರೆ ಪ್ರಾಣ. ಸುಸ್ತಾಗಿದ್ದರು, ಅಷ್ಟೇ. ಸುಸ್ತಾದವನಿಗೆ ಎದ್ದು ನೋಡದೆ ಇರಲು ಒಂದು ನೆಪ ಸಿಕ್ಕರೆ, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾನೆ.

"ಹೂಂ," ಎಂದ ಗಿರಿಮಲ್ಲ. ಅವನ ಕಣ್ಣು ಅರ್ಧ ಮುಚ್ಚಿತ್ತು. ಅಜ್ಜನವರು ಅದನ್ನು ನೋಡಿದರು, ಕತೆ ಮುಂದುವರಿಸಿದರು.

ಬೇಸಿಗೆ ಬಂತು. ಒಬ್ಬ ಸಾಹುಕಾರ ಮಗಳ ಮದುವೆಗೆ ಸೀರೆ ಹೇಳಿದ. ಸೋಮವಾರ ಮದುವೆ, ಭಾನುವಾರ ಸಂಜೆಯೊಳಗೆ ಸೀರೆ ಕೈಗೆ ಬರಬೇಕು ಎಂದ. ಒಳ್ಳೆಯ ಕೂಲಿ. ಅದರಲ್ಲಿ ಮಳೆಗಾಲ ಮುಗಿಯುವವರೆಗೆ ಮನೆಗೆ ಜೋಳ, ಕೂಸಿಗೆ ಹಾಲು. ಗಂಡ ಹೆಂಡತಿ ಲೆಕ್ಕ ಹಾಕಿ ಒಪ್ಪಿಕೊಂಡರು. ಯಾರಿಗೋಸ್ಕರ ಒಪ್ಪಿಕೊಂಡರು ಅಂತ ನಾನು ಹೇಳಬೇಕಾಗಿಲ್ಲ.

ಭಾನುವಾರ ಬೆಳಿಗ್ಗೆ ಒಂದು ಮೊಳ ಉಳಿದಿತ್ತು. ಕೂಸು ಎದ್ದಾಗಿನಿಂದ ಮಂಕಾಗಿತ್ತು. ಹಾಲು ಕುಡಿಯಲಿಲ್ಲ. ತಾಯಿ ಆಮೇಲೆ ಕುಡಿಯುತ್ತದೆ ಎಂದು ಲೋಟ ಮುಚ್ಚಿಟ್ಟಳು. ಕೂಸು ಬಂದು ತಂದೆಯ ಬೆನ್ನಿಗೆ ಒರಗಿ ನಿಂತಿತು. ಅವನ ಮೈಮೇಲೆ ಅಂಗಿ ಇರಲಿಲ್ಲ. ಬೆನ್ನಿಗೆ ಬಿಸಿ ತಾಗಿತು. ಬೇಸಿಗೆಯ ಧಗೆ ಎಂದುಕೊಂಡ.

"ಹೋಗವ್ವ, ಆಡಿಕೋ ಹೋಗು," ಎಂದ.

ಕೂಸು ಹೋಯಿತು. ಹಿಂದಿನ ಕೋಣೆಯ ಕೌದಿಯ ಮೇಲೆ ಮಲಗಿತು. ಗೆಜ್ಜೆ ನಿಂತಿತು.

ತಾಯಿ ಕಿವಿಗೊಟ್ಟಳು. ಸದ್ದಿಲ್ಲ. ಕೈಯಲ್ಲಿದ್ದ ಎಳೆ ಮುಗಿಸಿ ಏಳೋಣ ಎಂದು ಬೇಗ ಬೇಗ ಸುತ್ತಿದಳು. ಎಳೆ ಮುಗಿಯಿತು. ನೆಲಕ್ಕೆ ಕೈಯೂರಿ ಅರ್ಧ ಎದ್ದಳು. ಅಷ್ಟರಲ್ಲಿ ಗೆಜ್ಜೆ ಕೇಳಿಸಿತು.

ಮೊದಲು ಮೆಲ್ಲಗೆ. ಆಮೇಲೆ ಜೋರಾಗಿ. ಎರಡೂ ಕಾಲಿನ ಗೆಜ್ಜೆ ಒಟ್ಟಿಗೆ, ಬಿಡುವಿಲ್ಲದೆ.

"ಬೆಳಿಗ್ಗೆ ಮುಖ ಸಣ್ಣಗೆ ಮಾಡಿಕೊಂಡಿದ್ದಳು. ಈಗ ನೋಡಿ, ಹೇಗೆ ಕುಣಿಯುತ್ತಿದ್ದಾಳೆ," ಎಂದಳು. ಮತ್ತೆ ಕುಳಿತಳು. ನೇಕಾರ ನಕ್ಕ. ಅವನ ಮನಸ್ಸು ಹಗುರವಾಯಿತು. ಗೆಜ್ಜೆಯ ಗತಿಗೆ ಕೈ ಕೂಡಿಸಿ ಲಾಳಿ ಎಸೆದ. ಬೆಳಿಗ್ಗೆಯಿಂದ ಓಡದ ಕೆಲಸ ಈಗ ಓಡಿತು. ಇಬ್ಬರೂ ತುಂಬಾ ದಿನದ ಮೇಲೆ ಖುಷಿಯಾಗಿದ್ದರು.

"ಹೂಂ."

ಪಕ್ಕದ ಮನೆಯ ಮುದುಕಿ ಮಜ್ಜಿಗೆ ಕೇಳಲು ಹಿತ್ತಿಲ ಬಾಗಿಲಿನಿಂದ ಬಂದಳು. ಬಂದವಳು ಕೂಗಿಕೊಂಡಳು. ಇಬ್ಬರೂ ಎದ್ದು ಓಡಿದರು.

ಕೂಸಿನ ಕಣ್ಣು ಮೇಲೆ ಹೋಗಿತ್ತು. ಹಲ್ಲು ಕಚ್ಚಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. ಜ್ವರ ನೆತ್ತಿಗೇರಿ ಸೆಳವು ಬಂದಿತ್ತು. ಕೈಕಾಲು ಸೆಟೆದು ನಡುಗುತ್ತಿದ್ದವು. ಆ ನಡುಕಕ್ಕೆ ಗೆಜ್ಜೆ ಸದ್ದು ಮಾಡುತ್ತಿತ್ತು.

ನೇಕಾರ ಕಬ್ಬಿಣದ ಬೀಗದ ಕೈ ಹುಡುಕಲು ಓಡಿದ. ಸೆಳವು ಬಂದವರ ಕೈಗೆ ಕಬ್ಬಿಣ ಕೊಡುವುದು ಅವರ ಮನೆಯ ರೂಢಿ. ಮುದುಕಿ ರೇಗಿದಳು. "ಕಬ್ಬಿಣ ಗಿಬ್ಬಿಣ ಏನೂ ಬೇಡವೋ! ಬಾಯಿಗೂ ಏನೂ ಹಾಕಬೇಡಿ. ಕೂಸನ್ನು ಮಗ್ಗುಲಾಗಿಸಿ ಎತ್ತಿಕೋ, ವೈದ್ಯರ ಹತ್ತಿರ ಓಡು!"

ಅವನು ಎತ್ತಿಕೊಂಡು ಓಡಿದ. ಬೆಳಿಗ್ಗೆಯಿಂದ ಕುಣಿಯಲ್ಲಿದ್ದ ಕಾಲು ಜೋಮು ಹಿಡಿದಿತ್ತು. ಎಡವುತ್ತ ಓಡಿದ. ಅವನ ಓಟಕ್ಕೆ ಗೆಜ್ಜೆ ಇನ್ನೂ ಜೋರಾಗಿ ಕೇಳಿಸಿತು. ಕಟ್ಟೆಯ ಮೇಲೆ ಕುಳಿತವರು ತಲೆ ಎತ್ತಿ ನೋಡಿ ನಕ್ಕರು. ಅಪರೂಪಕ್ಕೆ ಮಗಳನ್ನು ಆಡಿಸಲು ಹೊರಟಿದ್ದಾನೆ ಎಂದುಕೊಂಡರು. ಹಿಂದೆ ಹೆಂಡತಿ ಓಡಿ ಬರುತ್ತಿದ್ದಳು. "ಗೆಜ್ಜೆ ಬಿಚ್ಚಿ, ನಿಮ್ಮ ದಮ್ಮಯ್ಯ, ಆ ಗೆಜ್ಜೆ ಬಿಚ್ಚಿ," ಎನ್ನುತ್ತಿದ್ದಳು. ಬಿಚ್ಚುವುದು ಹೇಗೆ? ಅವನೇ ಹಾಕಿದ ಗಂಟು. ವೈದ್ಯರ ಮನೆಯ ಮೆಟ್ಟಿಲಲ್ಲಿ ಅವಳು ಬಗ್ಗಿ ಹಲ್ಲಿನಿಂದ ದಾರ ಕಡಿದಳು.

ವೈದ್ಯರು ಕೂಸಿನ ಹಣೆ ಮುಟ್ಟಿದರು. ರೆಪ್ಪೆ ಬಿಡಿಸಿ ನೋಡಿದರು.

"ಜ್ವರ ಯಾವಾಗಿನಿಂದ?"

ತಂದೆ ತಾಯಿಯ ಮುಖ ನೋಡಿದ. ತಾಯಿ ತಂದೆಯ ಮುಖ ನೋಡಿದಳು. ಇಬ್ಬರಿಗೂ ಗೊತ್ತಿರಲಿಲ್ಲ.

"ಹೋಗಲಿ, ಸೆಳವು ಬಂದು ಎಷ್ಟು ಹೊತ್ತಾಯಿತು? ಅದನ್ನಾದರೂ ಸರಿಯಾಗಿ ಹೇಳಿ."

"ನಾಲ್ಕು ಬೆರಳು," ಎಂದ ನೇಕಾರ.

ವೈದ್ಯರಿಗೆ ಅರ್ಥವಾಗಲಿಲ್ಲ. "ಏನಯ್ಯಾ ನಾಲ್ಕು ಬೆರಳು?"

"ನಾಲ್ಕು ಬೆರಳು ಸೀರೆ ನೇಯ್ದೆ. ಅಷ್ಟು ಹೊತ್ತು. ಗೆಜ್ಜೆ ಕೇಳುತ್ತಿತ್ತು."

ವೈದ್ಯರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಗಂಡ ಹೆಂಡತಿ ಹೊರಗೆ ಕಟ್ಟೆಯ ಮೇಲೆ ಕುಳಿತರು. ಅವಳ ಮುಷ್ಟಿಯಲ್ಲಿ ಗೆಜ್ಜೆ ಇತ್ತು. ಸದ್ದಾಗಬಾರದೆಂದು ಬಿಗಿಯಾಗಿ ಹಿಡಿದಿದ್ದಳು. ಬಾಗಿಲಿನ ಆಚೆ ಏನೂ ಕೇಳಿಸುತ್ತಿರಲಿಲ್ಲ. ಅವನು ಬಾಗಿಲನ್ನೇ ನೋಡುತ್ತ ಕುಳಿತ.

ಅಜ್ಜನವರು ಇಲ್ಲಿಗೆ ಮಾತು ನಿಲ್ಲಿಸಿದರು. ತಂಬಿಗೆ ಎತ್ತಿ ಎರಡು ಗುಟುಕು ನೀರು ಕುಡಿದರು. ತಂಬಿಗೆಯನ್ನು ಕೆಳಗಿಟ್ಟರು. ಮತ್ತೆ ಗಿರಿಮಲ್ಲನ ಕಡೆಗೇ ನೋಡುತ್ತ ಕುಳಿತರು.

"ಹೂಂ," ಎಂದ ಗಿರಿಮಲ್ಲ.

ಅಜ್ಜನವರು ಮುಂದೆ ಹೇಳಲಿಲ್ಲ.

ಗಿರಿಮಲ್ಲ ಬಾಗಿಲ ಕಡೆ ನೋಡಿದ. ಹೊರಗೆ ಬಿಸಿಲು ಇಳಿಯುತ್ತಿತ್ತು. ಗಿರಣಿಯಲ್ಲಿ ಕುಳಿತ ನಾಲ್ಕು ಚೀಲ ಗೋಧಿ ಅವನ ನೆನಪಿಗೆ ಬಂತು. ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. ಉಸ್ಸೆಂದು ಉಸಿರು ಬಿಟ್ಟ.

"ಪಾಪ," ಎಂದ. "ದುಡಿಯುವವನ ಕಷ್ಟ ದುಡಿಯುವವನಿಗೇ ಗೊತ್ತು. ಆಮೇಲೆ ಅವನಿಗೆ ಸೀರೆ ಮುಗಿಸಿ ಕೊಡಲು ಆಯಿತೇ, ಅಜ್ಜಾ? ಸೋಮವಾರ ಮದುವೆ ಇತ್ತಲ್ಲ?"

ಅಜ್ಜನವರು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು.

"ಕೂಸು ಉಳಿಯಿತು, ತಮ್ಮಾ; ನೀನು ಕೇಳಲಿಲ್ಲ, ಆದರೂ ಹೇಳಿದೆ."

ಗಿರಿಮಲ್ಲನಿಂದ ಹೂಂ ಬರಲಿಲ್ಲ.